ವಾರ್ಡಿನ ಲೆಕ್ಕ ವಾರ್ಡಿಗೇ ಹೇಳ್ತಿದ್ದ ಡಾಕ್ಟರು

ಲಂಡನ್ನಿಗೆ ಬಂದು ಹನ್ನೊಂದು ವರ್ಷ ಆಯ್ತು, ಆದ್ರೆ ಇಲ್ಲಿನ ಆರೋಗ್ಯ ಸೇವೆ ಅಂದ್ರೆ ಏನು ಅಂತ ನಿಜವಾಗ್ಲೂ ಗೊತ್ತಾಗಿದ್ದು ಮಗಳು ಹುಟ್ಟಿದ ಮೇಲೆ. ಹನ್ನೆರಡನೇ ದಿನ ಹೆಲ್ತ್ ವಿಸಿಟರ್, ಅಂದ್ರೆ ಮನೆಮನೆಗೆ ಬಂದು ತಾಯಿ ಮಗು ನೋಡೋ ನರ್ಸ್, ಒಬ್ರು ಮನೆಗೇ ಬಂದ್ರು, ಬ್ಯಾಗಿಂದ ತೂಕದ ಯಂತ್ರ ತೆಗೆದು ನೆಲದ ಮೇಲಿಟ್ಟು, ಮಗು ಬಟ್ಟೆ ಎಲ್ಲಾ ಬಿಚ್ಚಿ ಮಲಗಿಸಿ, ಅಂಕಿ ನಿಲ್ಲೋವರೆಗೂ ಕಾದು, ಮಗು ಆರೋಗ್ಯದ ಲೆಕ್ಕ ಇಡೋ ಕೆಂಪು ಪುಸ್ತಕದಲ್ಲಿ ಒಂದು ಚುಕ್ಕಿ ಇಟ್ರು. ಬಾಣಂತನಕ್ಕೆ ಹಾಸನದಿಂದ ಬಂದಿದ್ದ ಅಮ್ಮ ಪಕ್ಕದಲ್ಲೇ ಕೂತು ನೋಡ್ತಿದ್ರು, ಆ ವಿಸಿಟರ್ ಹೋದಮೇಲೆ "ನಮ್ಮ ಬೀದಿ ಆಶಾ ಕಾರ್ಯಕರ್ತೇನೂ ಹೀಗೇ ಬರ್ತಾಳೆ ಕಣೋ, ತಾಯಿ ಕಾರ್ಡಲ್ಲಿ ಬರ್ಕೊಂಡು ಹೋಗ್ತಾಳೆ" ಅಂದ್ರು. ಆ ಮಾತು ತಲೇಲಿ ಉಳೀತು. ಕೆಲಸ ಎರಡೂ ಕಡೆ ಒಂದೇ ಆದ್ರೆ ವ್ಯತ್ಯಾಸ ಎಲ್ಲಿದೆ?

ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಲಂಡನ್ನಿನ ಹಳೇ ಆರೋಗ್ಯ ವರದಿಗಳಲ್ಲಿ. ಹಿಂದೆ ಇಲ್ಲಿ ಪ್ರತಿ ಬರೋಗೂ, ಅಂದ್ರೆ ನಮ್ಮ ನಗರಸಭೆ ಥರದ್ದು ಅನ್ಕೊಳ್ಳಿ, ಒಬ್ಬ ಮೆಡಿಕಲ್ ಆಫೀಸರ್ ಆಫ್ ಹೆಲ್ತ್, ಅಂದ್ರೆ ಆರೋಗ್ಯಾಧಿಕಾರಿ, ಇರ್ತಿದ್ರು. ಆ ಡಾಕ್ಟರು ವರ್ಷಕ್ಕೊಂದು ವರದಿ ಬರೆದು ಕೌನ್ಸಿಲ್ ಮುಂದೆ ಇಡಬೇಕಿತ್ತು, ಅದು ಪ್ರಿಂಟ್ ಆಗ್ತಿತ್ತು. ಎಷ್ಟು ಮಕ್ಕಳು ಹುಟ್ಟಿದ್ವು, ವರ್ಷ ತುಂಬೋ ಮುಂಚೆ ಎಷ್ಟು ಸತ್ವು, ಕ್ಷಯ ಎಷ್ಟು ಜನಕ್ಕೆ, ಗಂಟಲುಮಾರಿ ಎಷ್ಟು, ಹಾಲಿನ ಸ್ಯಾಂಪಲ್ ಎಷ್ಟು ತಗೊಂಡ್ರು ಅದರಲ್ಲಿ ನೀರು ಬೆರೆಸಿದ್ದು ಎಷ್ಟು, ವಾಸಕ್ಕೆ ಯೋಗ್ಯ ಅಲ್ಲದ ನೆಲಮಾಳಿಗೆ ಎಷ್ಟು, ಇಲಿ ಕಾಟ ಎಲ್ಲಿ, ಎಲ್ಲಾ. ಓದ್ತಾ ಓದ್ತಾ ನನಗೆ ಕಣ್ಣು ತುಂಬಿ ಬಂದಿದ್ದುಂಟು, ಯಾಕಂದ್ರೆ 1900ರ ಸುಮಾರಿಗೆ ಈ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 150ರಷ್ಟು ವರ್ಷದೊಳಗೆ ಸಾಯ್ತಿದ್ವು, 1950ಕ್ಕೆ ಅದು 30ರ ಹತ್ರ ಬಂದಿತ್ತು, ಆ ಇಳಿತ ವರ್ಷ ವರ್ಷ ಈ ಪುಟಗಳಲ್ಲಿ ಕಾಣುತ್ತೆ.

ಫಿನ್ಸ್‌ಬರಿ ಅಂತ ಒಂದು ಪುಟ್ಟ ಬರೋ ಇತ್ತು, ಬಡವರ ಕಿಕ್ಕಿರಿದ ಜಾಗ, 1965ರಲ್ಲಿ ಇಸ್ಲಿಂಗ್ಟನ್‌ಗೆ ಸೇರ್ಕೊಳ್ತು. ಅಲ್ಲಿ ಪಬ್ಲಿಕ್ ಹೆಲ್ತ್ ಕಮಿಟಿ ಅಧ್ಯಕ್ಷರಾಗಿದ್ದವರು ಪಂಜಾಬಿನಿಂದ ಬಂದ ಡಾಕ್ಟರ್ ಚುನಿಲಾಲ್ ಕಟಿಯಾಲ್, 1931ರಲ್ಲಿ ಗಾಂಧೀಜಿ ಮತ್ತೆ ಚಾರ್ಲಿ ಚಾಪ್ಲಿನ್ ಭೇಟಿಯಾಗಿದ್ದು ಇವರ ಮನೇಲೇ, ಆಮೇಲೆ ಫಿನ್ಸ್‌ಬರಿಗೆ ಮೇಯರ್ ಕೂಡ ಆದ್ರು. ಇವರ ಒತ್ತಾಸೆಯಿಂದ 1938ರಲ್ಲಿ ಫಿನ್ಸ್‌ಬರಿ ಹೆಲ್ತ್ ಸೆಂಟರ್ ಶುರುವಾಯ್ತು, ಎನ್‌ಎಚ್‌ಎಸ್ ಅಂದ್ರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಬರೋಕೆ ಹತ್ತು ವರ್ಷ ಮುಂಚೆ! ಕಟ್ಟಿದ್ದು ಲುಬೆಟ್ಕಿನ್, ಸಾಮಾನ್ಯ ಜನಕ್ಕೆ ಎಷ್ಟು ಒಳ್ಳೇದು ಕೊಟ್ರೂ ಜಾಸ್ತಿ ಆಗಲ್ಲ ಅಂತ ನಂಬಿದ್ದ ಆರ್ಕಿಟೆಕ್ಟ್. ಕ್ಷಯದ ಕ್ಲಿನಿಕ್, ಹಲ್ಲು, ಹೆಂಗಸರ ಕ್ಲಿನಿಕ್, ಕಾಲಿನ ತೊಂದರೆ ನೋಡೋ ಕ್ಲಿನಿಕ್, ಮಕ್ಕಳಿಗೆ ಬೆಳಕಿನ ಚಿಕಿತ್ಸೆ, ಎಲ್ಲಾ ಒಂದೇ ಸೂರಿನಡಿ. ಮನೆಗೆ ಔಷಧಿ ಹೊಡೆದು ತಿಗಣೆ ತೆಗೆಯೋವಾಗ ಆ ಮನೆಯವರು ಬಂದು ಇರೋಕೂ ಅಲ್ಲೇ ಜಾಗ. ಬಡವರ ಮನೆಯ ತಿಗಣೇನೂ ಸರ್ಕಾರದ ಜವಾಬ್ದಾರಿ ಅಂತ ಯೋಚ್ನೆ ಮಾಡಿದ್ರಲ್ಲ, ಅದು ದೊಡ್ಡದು. ಒಂದ್ ಶನಿವಾರ ಮಗಳನ್ನ ತಳ್ಳುಗಾಡೀಲಿ ಕೂರಿಸ್ಕೊಂಡು ಹೋಗಿ ನೋಡ್ದೆ, ಎರಡು ರೆಕ್ಕೆ ಹರವಿ ನಮ್ಮನ್ನ ಒಳಗೆ ಕರೆಯೋ ಥರ ಇದೆ ಕಟ್ಟಡ, ಮುಂದೆಲ್ಲಾ ಗಾಜಿನ ಇಟ್ಟಿಗೆ.

ಇಲ್ಲೂ ಎಲ್ಲಾ ಸರಿ ಇತ್ತು ಅಂತ ಅಲ್ಲ. 1952ರ ಡಿಸೆಂಬರಲ್ಲಿ ಐದು ದಿನದ ಹೊಗೆಮಂಜಿಗೆ ಲಂಡನ್ನಲ್ಲಿ ಸಾವಿರಾರು ಜನ ಸತ್ರು, ಹೊಗೆ ತಡೆಯೋ ಕಾನೂನು ಬರೋಕೆ 1956 ಆಯ್ತು. 1948ರ ಜುಲೈ 5ಕ್ಕೆ ಎನ್‌ಎಚ್‌ಎಸ್ ಬಂದಾಗ ಕೌನ್ಸಿಲ್ ನಡೆಸ್ತಿದ್ದ ಆಸ್ಪತ್ರೆಗಳು ಸ್ಥಳೀಯ ಕೌನ್ಸಿಲ್‌ಗಳ ಕೈತಪ್ಪಿ ಪ್ರಾದೇಶಿಕ ಮಂಡಳಿಗಳಿಗೆ ಹೋದ್ವು, 1974ಕ್ಕೆ ಆ ಮೆಡಿಕಲ್ ಆಫೀಸರ್ ಹುದ್ದೇನೇ ಹೋಯ್ತು, ಅದು ನನ್ನ ಪ್ರಕಾರ ನಷ್ಟವೇ.

ನಮ್ಮಲ್ಲಿ ಇದ್ಯಾವ್ದೂ ಇರಲಿಲ್ಲ ಅನ್ನೋದನ್ನ ನಾನು ಒಪ್ಪಲ್ಲ. 1898ರ ಪ್ಲೇಗ್ ಆದಮೇಲೆ ಗಾಳಿ ಬೆಳಕು ಬರೋ ಹಾಗೆ ಬಸವನಗುಡಿ, ಮಲ್ಲೇಶ್ವರ ಬೆಳೆಸಿದ್ರು, 1930ರಲ್ಲೇ ಮೈಸೂರು ಸರ್ಕಾರ ಕುಟುಂಬ ಯೋಜನೆ ಕ್ಲಿನಿಕ್ ತೆರೆದಿತ್ತು, ವಾಣಿವಿಲಾಸ ಆಸ್ಪತ್ರೆ 1935ರದ್ದು, ಫಿನ್ಸ್‌ಬರಿಗಿಂತ ಮುಂಚೆ. ನಮಗೆ ಕಮ್ಮಿ ಬಿದ್ದಿರೋದು ಕಟ್ಟಡ ಅಲ್ಲ, ದುಡಿಯೋ ಜನಾನೂ ಅಲ್ಲ. ಲೆಕ್ಕ ಹೇಳೋರು. ನಾನು ಪಿಯುಸಿ ಓದ್ತಿದ್ದಾಗ ನಾವಿದ್ದ ಊರಲ್ಲಿ ಕುಡಿಯೋ ನೀರಿನ ಪೈಪಿಗೆ ಚರಂಡಿ ನೀರು ಸೇರಿ ಇಡೀ ಬೀದಿಗೆ ವಾಂತಿಭೇದಿ, ಎದುರುಮನೆ ಅಜ್ಜಿ ತೀರ್ಕೊಂಡ್ರು, ಪೈಪು ಬದಲಾಯ್ಸಿದ್ರು ಸರಿ, ಆದ್ರೆ ಎಷ್ಟು ಜನಕ್ಕೆ ಬಂತು, ಯಾಕೆ ಬಂತು ಅಂತ ಬೀದಿಯವರಿಗೆ ಒಂದು ಕಾಗದ ಬರಲಿಲ್ಲ. ಇಂಥದ್ದನ್ನ ಬರೆದು ಎಲ್ಲರ ಮುಂದೆ ಇಡೋದೇ ಇಲ್ಲಿನ ಆ ಮೆಡಿಕಲ್ ಆಫೀಸರ್ ಡಾಕ್ಟರ ಕೆಲಸ ಆಗಿತ್ತು, ಕಹಿ ಸತ್ಯ ಬರೆದ್ರು ಅಂತ ಸರ್ಕಾರದ ಒಪ್ಪಿಗೆ ಇಲ್ದೆ ಲಂಡನ್ನಿನ ಬರೋಗಳು ಅವರನ್ನ ತೆಗೆಯೋ ಹಾಗೂ ಇರಲಿಲ್ಲ.

ವರ್ಷಕ್ಕೊಂದು ಸಲ ವಾರ್ಡ್ ಆಫೀಸ್ ಗೋಡೆಗೆ ಕನ್ನಡದಲ್ಲಿ ಎರಡು ಪುಟ ಅಂಟಿಸ್ಲಿ, ನಾನು ಕೇಳೋದು ಅಷ್ಟೇ. ಹುಟ್ಟಿದ ಮಕ್ಕಳು, ಸತ್ತ ಮಕ್ಕಳು, ಡೆಂಗಿ, ನೀರಿನ ಟೆಸ್ಟ್. ಮೊನ್ನೆ ಫೋನಲ್ಲಿ ಅಮ್ಮಂಗೆ ಇದನ್ನ ಹೇಳಿದಾಗ, "ಅದಕ್ಕೇನು, ಅರ್ಧ ಅವಳ ನೋಟ್‌ಬುಕ್ಕಲ್ಲೇ ಇದ್ಯಲ್ಲೋ" ಅಂದ್ರು ಆಶಾ ಕಾರ್ಯಕರ್ತೆ ಬಗ್ಗೆ, "ಮನೆ ನಂಬರ್ ಸಮೇತ ಬರ್ದಿರ್ತಾಳೆ, ಯಾರೂ ಕೇಳಲ್ಲ ಅಷ್ಟೇ."