ಡೈನೋಸಾರಿಗೆ ಅರ್ಧ ಬಿಸ್ಕತ್ತು

ಎರಡು ಬೂಟು, ಎರಡು ಕಾಲು. ಹಾಕಿಕೊಳ್ಳುವುದಕ್ಕೆ ಇರುವುದು ಎರಡೇ ದಾರಿ: ಸರಿ, ಇಲ್ಲವೇ ಅದಲುಬದಲು. ಕಣ್ಣು ಮುಚ್ಚಿಕೊಂಡು ಕಾಲು ತೂರಿಸಿದರೂ ಹತ್ತರಲ್ಲಿ ಐದು ಸಲ ಸರಿಯಾಗಬೇಕು ತಾನೆ? ನಮ್ಮ ಚಿಕ್ಕವನಿಗೆ ಈಗ ಮೂರು ವರ್ಷ. ತಾನೇ ಬೂಟು ಹಾಕಿಕೊಳ್ಳುತ್ತೇನೆಂದು ಹಠ ಹಿಡಿದ ದಿನದಿಂದ ಇವತ್ತಿನವರೆಗೆ ಒಂದೇ ಒಂದು ಸಲವೂ ಸರಿಯಾಗಿಲ್ಲ. ಇದು ಗೊತ್ತಿಲ್ಲದೆ ಆಗುವ ತಪ್ಪಲ್ಲ ಎನ್ನುವುದು ನನ್ನ ವಾದ. ಇಷ್ಟು ಕರಾರುವಾಕ್ಕಾಗಿ ತಪ್ಪಬೇಕಾದರೆ ಸರಿ ಯಾವುದು ಅಂತ ಚೆನ್ನಾಗಿ ಗೊತ್ತಿರಲೇಬೇಕು.

ಸರಿಮಾಡೋಣವೆಂದು ಬಗ್ಗಿದರೆ "ನಾನೇ!" ಎಂದು ಕಿರುಚಿ ಕಾಲೆರಡನ್ನೂ ಮಡಚಿಕೊಂಡು ಕೂರುತ್ತಾನೆ. ಆಮೇಲೆ ಎರಡೂ ಬೂಟು ಬಿಚ್ಚಿ, ಒಮ್ಮೆ ದಿಟ್ಟಿಸಿ ನೋಡಿ, ನಿಧಾನವಾಗಿ, ನಾಲಿಗೆ ಹೊರಗೆ ಹಾಕಿಕೊಂಡು, ಪುನಃ ಅದಲುಬದಲು ಹಾಕಿಕೊಳ್ಳುತ್ತಾನೆ. ಎರಡೂ ಬೂಟಿನ ಮೂತಿ ಹೊರಕ್ಕೆ ತಿರುಗಿ, ಒಂದಕ್ಕೊಂದು ಮುನಿಸಿಕೊಂಡ ನೆಂಟರ ಹಾಗೆ ನಿಲ್ಲುತ್ತವೆ.

ದೊಡ್ಡವನಿಗೆ ಐದು. ಅವನ ಬೂಟು ಸರಿಯಾಗೇ ಇರುತ್ತದೆ, ತಕರಾರು ಸಾಕ್ಸಿನದ್ದು. ಹೋದ ಭಾನುವಾರ ಹೊರಡುವ ಹೊತ್ತಿಗೆ ಶುರುವಾಯಿತು. "ಅಮ್ಮಾ, ಒಳಗೆ ಏನೋ ಇದೆ." ಬಿಚ್ಚಿ ಕೊಡವಿದೆ, ಏನೂ ಬೀಳಲಿಲ್ಲ. ಮತ್ತೆ ಹಾಕಿದೆ. "ಇನ್ನೂ ಇದೆ." ಒಳಗೆ ಕೈ ಬಿಟ್ಟು ಬೆರಳಾಡಿಸಿದಾಗ ಸಿಕ್ಕಿತು. ಕಾಲ್ಬೆರಳ ತುದಿಯಲ್ಲಿ ಸಾಕ್ಸಿನ ಬಾಯಿ ಮುಚ್ಚಿ ಹೊಲಿದಿರುತ್ತಾರಲ್ಲ, ಆ ಹೊಲಿಗೆಯ ಏಣು. "ಇದು ಎಲ್ಲಾ ಸಾಕ್ಸಿಗೂ ಇರುತ್ತೆ ಕಣೋ" ಅಂದೆ. "ನಿಂದಕ್ಕೂ ಇದ್ಯಾ?" ನನ್ನದನ್ನೂ ಬಿಚ್ಚಿ ತೋರಿಸಬೇಕಾಯಿತು. ಅಲ್ಲಿಯವರೆಗೆ ಜನ್ಮದಲ್ಲಿ ನನ್ನ ಕಾಲಿಗೆ ಒತ್ತದಿದ್ದ ಆ ಏಣು ಅವತ್ತು ಸಂಜೆಯವರೆಗೂ ಒತ್ತಿತು. ಅವನ ಸಾಕ್ಸನ್ನು ಒಳಹೊರಗು ಮಾಡಿ ಹಾಕಿಸಿದೆ. ನನ್ನದನ್ನು ಹಾಗೆ ಮಾಡಲು ಮರ್ಯಾದೆ ಅಡ್ಡ ಬಂತು.

ಇಷ್ಟರಲ್ಲಿ ಇವರು ಕಾರಿನಲ್ಲಿ ಹೋಗಿ ಕೂತಾಗಿತ್ತು. "ನಾನು ರೆಡಿ" ಎಂದು ಹೇಳಿ ಕಾರಿನಲ್ಲಿ ಹೋಗಿ ಕೂರುವುದನ್ನು ಇವರು ಮಕ್ಕಳನ್ನು ಹೊರಡಿಸುವ ಕೆಲಸದಲ್ಲಿ ತಮ್ಮ ಪಾಲು ಎಂದುಕೊಂಡಿದ್ದಾರೆ. ಒಂಬತ್ತಕ್ಕೆ ಹೊರಡಬೇಕಾದವರು ಹತ್ತೂ ಇಪ್ಪತ್ತಕ್ಕೆ ಗೇಟು ದಾಟಿದೆವು. ದಾಟಿದ ತಕ್ಷಣ ಚಿಕ್ಕವನಿಗೆ ಸುಸ್ಸು ಬಂತು. ಮನೆಯಲ್ಲಿ ಕೇಳಿದಾಗ "ಬರಲ್ಲ". ಬಾಗಿಲಿಗೆ ಬೀಗ ಬಿದ್ದ ಸದ್ದಿಗೂ ಇವನ ಹೊಟ್ಟೆಗೂ ಏನೋ ವೈರಿಂಗ್ ಇದೆ.

ಮಕ್ಕಳ ಮೂತ್ರಕೋಶ ಎಷ್ಟು ಹಿಡಿಯುತ್ತದೆ ಎನ್ನುವುದಕ್ಕೆ ಡಾಕ್ಟರುಗಳು ಬಳಸುವ ಒಂದು ಅಂದಾಜು ಲೆಕ್ಕವಿದೆ. ವಯಸ್ಸಿಗೆ ಎರಡು ಕೂಡಿಸಿ 30ರಿಂದ ಗುಣಿಸಿದರೆ ಮಿಲಿಲೀಟರಿನಲ್ಲಿ ಉತ್ತರ ಬರುತ್ತದೆ. ಚಿಕ್ಕವನಿಗೆ 150, ದೊಡ್ಡವನಿಗೆ 210. ಶಾಲೆಯಲ್ಲಿ ಲ.ಸಾ.ಅ. ಯಾಕೆ ಕಲಿಸಿದರು ಎನ್ನುವುದು ನನಗೆ ಅರ್ಥವಾದದ್ದು ಇಲ್ಲಿ. 150 ಮತ್ತು 210ರ ಲ.ಸಾ.ಅ. 1050. ಅಂದರೆ ಇಬ್ಬರೂ ಒಂದೇ ಸಮ ನೀರು ಕುಡಿಯುತ್ತಾ ಬಂದರೆ, ಚಿಕ್ಕವನಿಗೋಸ್ಕರ ಆರು ಸಲ, ದೊಡ್ಡವನಿಗೋಸ್ಕರ ನಾಲ್ಕು ಸಲ ಬೇರೆಬೇರೆಯಾಗಿ ಗಾಡಿ ನಿಲ್ಲಿಸಿದ ಮೇಲೆ, ಹನ್ನೊಂದನೆಯ ಸಲಕ್ಕೆ ಅಣ್ಣತಮ್ಮಂದಿರು ಒಟ್ಟಿಗೆ ಇಳಿಯುತ್ತಾರೆ. ನಾವು ಹೊರಟಿದ್ದ ಮ್ಯೂಸಿಯಂ ಅಷ್ಟು ದೂರವಿರಲಿಲ್ಲ, ಪುಣ್ಯ. ಮೂರಕ್ಕೇ ಮುಗಿಯಿತು.

ಹಿಂದಿನ ಸೀಟಿನಲ್ಲಿ ಬಿಸ್ಕತ್ತಿನ ಪ್ಯಾಕೆಟ್ ಖಾಲಿಯಾಗುತ್ತಾ ಬಂದು ಕೊನೆಗೆ ಎರಡು ಉಳಿದವು. ತಲೆಗೊಂದು. ಎರಡು ಮಕ್ಕಳ ಮನೆಯಲ್ಲಿ ಇದಕ್ಕಿಂತ ನ್ಯಾಯವಾದ ಸನ್ನಿವೇಶ ದೇವರೂ ಕೊಡಲಾರ. ಚಿಕ್ಕವ ತನ್ನದನ್ನು ನೋಡಿ "ಎರಡು ಬೇಕು" ಅಂದ. ನಾನು ಬುದ್ಧಿವಂತೆ ಅಲ್ಲವೇ, ಅವನ ಬಿಸ್ಕತ್ತನ್ನೇ ಇಸಿದುಕೊಂಡು ಮುರಿದು ಎರಡು ಮಾಡಿ ಕೊಟ್ಟೆ. ಮುಖ ಅರಳಿತು. "ಎರಡು!"

"ಅವನಿಗೆ ಎರಡು, ನಂಗೆ ಒಂದೇನಾ?" ಎಂದಿತು ಪಕ್ಕದ ಸೀಟು.

ಎರಡು ತುಂಡನ್ನೂ ಜೋಡಿಸಿ ಹಿಡಿದು ತೋರಿಸಿದೆ. "ನೋಡು, ಎಷ್ಟಿದೆ?" "ಒಂದು." ಬಿಡಿಸಿದೆ. "ಈಗ?" "ಎರಡು." ಜೋಡಿಸಿದೆ, "ಒಂದು". ಬಿಡಿಸಿದೆ, "ಎರಡು". ನನ್ನ ಕೈಚಳಕಕ್ಕೆ ಅವನಿಗೆ ಮೆಚ್ಚುಗೆಯೂ ಇತ್ತು, ನ್ಯಾಯ ಮಾತ್ರ ಸಿಕ್ಕಿರಲಿಲ್ಲ. ಸರಿ ಮಹಾರಾಯ ಅಂತ ಅವನದನ್ನೂ ಮುರಿದೆ. ಆ ಹೊತ್ತಿಗೆ ಚಿಕ್ಕವನಿಗೆ ತನ್ನ ಕೈಯಲ್ಲಿರುವುದೇನು ಎಂದು ಹೊಳೆಯಿತು. "ನಂದು ಮುರಿದೋಯ್ತು!" ಎಂದು ರಾಗ ತೆಗೆದ.

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ಓದಿ ಹೆಸರಾದವರು. ಅಗಲ ಲೋಟದ ನೀರನ್ನು ಮಕ್ಕಳ ಕಣ್ಣೆದುರೇ ಉದ್ದ ಲೋಟಕ್ಕೆ ಸುರಿದು "ಯಾವುದರಲ್ಲಿ ಜಾಸ್ತಿ?" ಎಂದು ಕೇಳಿದರೆ, ಈ ವಯಸ್ಸಿನವು ಸಾಮಾನ್ಯವಾಗಿ ಉದ್ದ ಲೋಟವನ್ನೇ ತೋರಿಸುತ್ತವೆ. ಆಕಾರ ಬದಲಾದರೂ ಅಳತೆ ಬದಲಾಗುವುದಿಲ್ಲ ಎನ್ನುವುದು ತಲೆಗೆ ಹತ್ತುವುದು ಹೆಚ್ಚುಕಡಿಮೆ ಏಳು ವರ್ಷಕ್ಕೆ. ಅವರು ತಮ್ಮ ಮೂರು ಮಕ್ಕಳನ್ನೇ ಗಮನಿಸಿ ಎಷ್ಟೋ ಟಿಪ್ಪಣಿ ಬರೆದಿಟ್ಟರು. ಅವರು ಟಿಪ್ಪಣಿ ಬರೆಯುತ್ತಿದ್ದಾಗ ಆ ಮಕ್ಕಳಿಗೆ ಬೂಟು ಹಾಕಿಸುತ್ತಿದ್ದವರು ಯಾರು ಎನ್ನುವುದು ನನ್ನ ಕುತೂಹಲ.

ಅಳು ನಿಲ್ಲಿಸಲು ಅರ್ಧ ತಿಂದು, ಇನ್ನರ್ಧವನ್ನು "ಆಮೇಲೆ" ಎಂದು ಚಿಕ್ಕವ ಚಡ್ಡಿ ಜೇಬಿಗೆ ಸೇರಿಸಿದ. ಈ ಅರ್ಧವನ್ನು ನೆನಪಿಟ್ಟುಕೊಂಡಿರಿ. ನಾನು ಮರೆತಿದ್ದೆ.

ದಾರಿಯಲ್ಲಿ ಇವರು ಮಕ್ಕಳಿಗೆ ಕತೆ ಹೇಳುವ ಉಮೇದಿಗೆ ಬಿದ್ದರು. "ಒಂದು ಕಾಡಲ್ಲಿ ಒಂದು ಟಿ. ರೆಕ್ಸು, ಒಂದು ಸ್ಟೆಗೋಸಾರಸ್ಸು ಇದ್ವಂತೆ..." ದೊಡ್ಡವ ತಡೆದ. "ಇರ್ಲಿಲ್ಲ ಅಪ್ಪಾ." "ಕತೆ ಕಣೋ." "ಕತೆಯಲ್ಲೂ ಇರಕ್ಕಾಗಲ್ಲ." ಸ್ಟೆಗೋಸಾರಸ್ ಇದ್ದದ್ದು ಸುಮಾರು 15 ಕೋಟಿ ವರ್ಷದ ಹಿಂದೆ, ಟಿ. ರೆಕ್ಸ್ ಸತ್ತುಹೋದದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ ಎಂದು ಗಿಣಿಯ ಹಾಗೆ ಒಪ್ಪಿಸಿದ. ನಾನು ಮೆಲ್ಲಗೆ ಫೋನಿನಲ್ಲಿ ನೋಡಿದೆ, ಹುಡುಗ ಹೇಳಿದ್ದು ಸರಿ. ಆ ಲೆಕ್ಕದಲ್ಲಿ ಟಿ. ರೆಕ್ಸಿಗೆ ಸ್ಟೆಗೋಸಾರಸ್ಸಿಗಿಂತ ನಾವೇ ಹತ್ತಿರದವರು. ಇವರು ಸುಮ್ಮನೆ ಗೇರು ಬದಲಿಸಿದರು. ತಮಾಷೆ ಏನೆಂದರೆ ಕೋಟಿಗಟ್ಟಲೆ ವರ್ಷವನ್ನು ಬೆರಳ ತುದಿಯಲ್ಲಿಟ್ಟುಕೊಂಡಿರುವ ಈ ಪಂಡಿತನಿಗೆ ನಿನ್ನೆ ಯಾವುದು, ನಾಳೆ ಯಾವುದು ಇನ್ನೂ ಗೊತ್ತಿಲ್ಲ. "ನಾಳೆ ನಾನು ಬಿದ್ಬಿಟ್ಟಿದ್ದೆ ಅಲ್ವಾ?" ಎಂದು ಮಂಡಿಯ ಗಾಯ ತೋರಿಸುತ್ತಾನೆ.

ಮ್ಯೂಸಿಯಮ್ಮಿನ ದೊಡ್ಡ ಹಜಾರದಲ್ಲಿ ಹಗ್ಗದ ಆಚೆ ಟಿ. ರೆಕ್ಸ್ ನಿಂತಿತ್ತು. ಹನ್ನೆರಡು ಮೀಟರ್ ಉದ್ದದ ಅಸ್ಥಿಪಂಜರ, ಬಾಯಿ ತುಂಬ ಬಾಳೆಹಣ್ಣಿನ ಗಾತ್ರದ ಹಲ್ಲು. ದೊಡ್ಡವ ಮಾತು ಮರೆತು ನಿಂತ. ನನಗೂ ಒಂದು ಕ್ಷಣ ರೋಮಾಂಚನವಾಯಿತು. ಚಿಕ್ಕವ ಮಾತ್ರ ಅದರ ಪಕ್ಕೆಲುಬುಗಳನ್ನೇ ನೋಡುತ್ತಿದ್ದ. ಬಹಳ ಹೊತ್ತು ನೋಡಿ, ನನ್ನ ಸೆರಗು ಜಗ್ಗಿ, ಪಿಸುದನಿಯಲ್ಲಿ ಕೇಳಿದ: "ಅಮ್ಮಾ, ಇದಕ್ಕೆ ಯಾರೂ ಊಟ ಹಾಕಿಲ್ವಾ?"

ಇಲ್ಲಿ ನಾನು ಮಾಡಿದ್ದು ತಪ್ಪು, ಒಪ್ಪಿಕೊಳ್ಳುತ್ತೇನೆ. ತಟ್ಟೆ ಮುಂದೆ ಇಟ್ಟರೆ ಬಾಯಿ ಹೊಲಿದುಕೊಳ್ಳುವ ಮಗು ತಾನಾಗಿ ಇಂಥ ಅವಕಾಶ ಕೊಟ್ಟಾಗ ಯಾವ ತಾಯಿ ಬಿಟ್ಟಾಳು? "ಹಾಕಿದ್ರು ಪುಟ್ಟಾ, ಅದೇ ಸರಿಯಾಗಿ ತಿನ್ಲಿಲ್ಲ. ಊಟ ಮಾಡ್ದೇ ಇದ್ರೆ ಹೀಗಾಗುತ್ತೆ ನೋಡು." ಮಗು ಗಂಭೀರವಾಗಿ ತಲೆಯಾಡಿಸಿತು. ಬಾಣ ನಾಟಿತು ಎಂದು ನಾನು ಹಿಗ್ಗಿ, ಇವರ ಕಡೆ ತಿರುಗಿ ಕಣ್ಣು ಮಿಟುಕಿಸಿದೆ.

ಆ ಕಣ್ಣು ಮಿಟುಕಿಸುವಷ್ಟರಲ್ಲಿ ಕೈಯಲ್ಲಿದ್ದ ಕೈ ಇರಲಿಲ್ಲ. ಚಿಕ್ಕವ ಹಗ್ಗದಡಿ ನುಸುಳಿ, ಜೇಬಿನ ಅರ್ಧ ಬಿಸ್ಕತ್ತು ತೆಗೆದು, ಟಿ. ರೆಕ್ಸಿನ ಪಾದದ ಮುಂದೆ ಇಟ್ಟು, ಕೈಕಟ್ಟಿ ನಿಂತಿದ್ದ.

"ಏಯ್! ಅದು ಬಿಸ್ಕತ್ ತಿನ್ನಲ್ಲ!" ಎಂದು ಚೀರಿದ ದೊಡ್ಡವ. ತಮ್ಮನನ್ನು ಎಳೆದು ತರುತ್ತಾನೆ ಎಂದುಕೊಂಡೆ. ಅಯ್ಯೋ, ಅವನಿಗೆ ಸಂಕಟವಾದದ್ದು ತಮ್ಮ ಹಗ್ಗ ದಾಟಿದ್ದಕ್ಕಲ್ಲ, ಮಾಂಸಾಹಾರಿಗೆ ಬಿಸ್ಕತ್ತು ಇಟ್ಟಿದ್ದಕ್ಕೆ! ಅವನೂ ಹಗ್ಗದಡಿ ನುಸುಳಿದ. ಬಿಸ್ಕತ್ತು ಎತ್ತಿಕೊಂಡು, ತಮ್ಮನ ಕೈ ಹಿಡಿದು, ಪಕ್ಕದಲ್ಲಿದ್ದ ಮೂರು ಕೊಂಬಿನ ಟ್ರೈಸೆರಟಾಪ್ಸ್ ಹತ್ತಿರ ಕರೆದುಕೊಂಡು ಹೋದ. "ಇದು ಸೊಪ್ಪು ತಿನ್ನೋದು. ಬಿಸ್ಕತ್ತು ಗೋಧಿ ಗಿಡದಿಂದ ಬರುತ್ತೆ. ಇದಕ್ಕಿಡು." ಬೆಳಗಿನಿಂದ ಒಂದೊಂದು ತುಣುಕಿಗೂ ಕಾದಾಡಿದ ಅಣ್ಣತಮ್ಮಂದಿರು ಇಬ್ಬರೂ ಸೇರಿ, ಭಕ್ತಿಯಿಂದ, ಅರ್ಧ ಬಿಸ್ಕತ್ತನ್ನು ಟ್ರೈಸೆರಟಾಪ್ಸಿನ ಮೂತಿಯ ಕೆಳಗೆ ಇಟ್ಟರು.

ನಾನು ಹಗ್ಗದ ಈಚೆಯಿಂದ "ಬನ್ರೋ, ಬನ್ರೋ" ಎಂದು ಗಂಟಲೊಳಗೇ ಕೂಗುತ್ತಿದ್ದೆ. ಇವರು ಎಲ್ಲಿ ಅಂತ ನೋಡಿದರೆ, ದೂರದ ಗೋಡೆಯ ಮೇಲಿದ್ದ ಫಲಕವನ್ನು ಪರೀಕ್ಷೆಗೆ ಓದುವವರ ಹಾಗೆ ಓದುತ್ತಿದ್ದರು. ಈ ಮಕ್ಕಳು ಯಾರದ್ದೋ ಎಂಬಂತಿತ್ತು ಆ ಬೆನ್ನು.

ಗಾರ್ಡ್ ಬಂದರು. ನರೆತ ಮೀಸೆ, ಕೈಯಲ್ಲಿ ವಾಕಿಟಾಕಿ. "ಯಾರದು ಒಳಗೆ?" ಎಂದರು ಗಡಸಾಗಿ.

ಚಿಕ್ಕವ ಥಟ್ಟನೆ ಎರಡೂ ಅಂಗೈಯಲ್ಲಿ ಕಣ್ಣು ಮುಚ್ಚಿಕೊಂಡ. ಮನೆಯಲ್ಲಿ ಕಣ್ಣಾಮುಚ್ಚಾಲೆ ಆಡುವಾಗಲೂ ಇವನ ಪದ್ಧತಿ ಇದೇ. ನಟ್ಟನಡುವೆ ನಿಂತು ಕಣ್ಣು ಮುಚ್ಚಿಕೊಂಡರೆ ಆಯಿತು, ಅಡಗಿದಂತೆ. ತನಗೆ ಕಾಣದ್ದು ಇನ್ನೊಬ್ಬರಿಗೆ ಕಾಣುತ್ತಿರಬಹುದು ಎಂಬ ಗುಮಾನಿ ಇನ್ನೂ ಹುಟ್ಟಿಲ್ಲ. ಐದು ವರ್ಷದವನಿಗೆ ಅದು ಹುಟ್ಟಿಯಾಗಿದೆ, ಅದರ ಜೊತೆಗೇ ಸುಳ್ಳು ಹೇಳುವ ಕಲೆಯೂ ಕೂಡಿಬಂದಿದೆ. ಅವನು ತಮ್ಮನ ಮುಂದೆ ಅಡ್ಡ ನಿಂತು ಹೇಳಿದ: "ಇಲ್ಲಿ ಯಾರೂ ಇಲ್ಲ ಅಂಕಲ್."

ಗಾರ್ಡ್ ಇಬ್ಬರನ್ನೂ ನೋಡಿದರು, ನನ್ನನ್ನು ನೋಡಿದರು, ಬಿಸ್ಕತ್ತನ್ನು ನೋಡಿದರು. ಮೀಸೆ ಸ್ವಲ್ಪ ಅಲುಗಿತು. "ಹೌದಾ? ನೀಲಿ ಚಡ್ಡಿ ಹಾಕಿದ್ದ ಒಂದು ಮರಿ ಇಲ್ಲೇ ಇತ್ತಲ್ಲಪ್ಪಾ. ಎಲ್ಲಿ ಹೋಯ್ತು?" ಎಂದು ಅತ್ತಿತ್ತ ಹುಡುಕಿದರು. ಅಂಗೈ ಹಿಂದಿನಿಂದ ಕಿಸಕ್ ಎಂದು ನಗು ಬಂತು. ಆಮೇಲೆ ಅವರೇ ಇಬ್ಬರನ್ನೂ ಹಗ್ಗದ ಈಚೆ ದಾಟಿಸಿ, ಬಿಸ್ಕತ್ತು ಹೆಕ್ಕಿ ನನ್ನ ಕೈಗಿಟ್ಟು, "ಇರುವೆ ಹತ್ತುತ್ತಮ್ಮಾ. ಇದೇನು ನಿಜವಾದ ಮೂಳೆ ಅಲ್ಲ, ಅಚ್ಚಿನಲ್ಲಿ ಎರಕ ಹೊಯ್ದಿರೋದು. ಆದ್ರೂ ಮುಟ್ಟಬಾರದು" ಎಂದರು. ನಾನು ನೂರೊಂದು ಸಲ ಸಾರಿ ಕೇಳಿದೆ. ಅವರು ಹೋಗುತ್ತಾ ತಿರುಗಿ, "ಮಗು ಬೂಟು ಅದಲುಬದಲಾಗಿದೆ ನೋಡಿ" ಎಂದರು. ಉಳಿದಿದ್ದ ಅಲ್ಪಸ್ವಲ್ಪ ಮಾನವೂ ಹೋಯಿತು.

ಫಲಕ ಓದಿ ಮುಗಿಸಿದ ಇವರು ಅಷ್ಟೊತ್ತಿಗೆ ಬಂದು, "ಏನಾಯ್ತು?" ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಅರ್ಧ ಬಿಸ್ಕತ್ತನ್ನು ಅವರ ಅಂಗೈಯಲ್ಲಿಟ್ಟೆ. ಪಾಪ, ತಿಂದುಬಿಟ್ಟರು.

ವಾಪಸು ದಾರಿಯಲ್ಲಿ ಮಕ್ಕಳಿಬ್ಬರೂ ನಿದ್ದೆ, ಮೂರು ಸಲದ ಬದಲು ಒಂದೇ ಸಲ ನಿಲ್ಲಿಸಿದೆವು, ಅದೂ ನನಗೋಸ್ಕರ. ಸಾಕ್ಸ್ ಒಳಹೊರಗು ಮಾಡಿಕೊಳ್ಳಬೇಕಿತ್ತು.

ರಾತ್ರಿ ಊಟಕ್ಕೆ ಕೂರಿಸಿದೆ. ಚಿಕ್ಕವ ಅಂಗಿ ಎತ್ತಿ ಹಿಡಿದುಕೊಂಡು ತನ್ನ ಪಕ್ಕೆಲುಬು ಎಣಿಸುತ್ತಿದ್ದ. ಬೆಳಗಿನ ಪಾಠ ನೆನಪಿದೆ ಎಂದು ಖುಷಿಯಾಗಿ ತುತ್ತು ಎತ್ತಿದೆ. ಅವನು ತಟ್ಟೆಯನ್ನು ಎರಡೂ ಕೈಯಿಂದ ಆಚೆ ದಬ್ಬಿದ.

"ಊಟ ಮಾಡ್ದೇ ಇದ್ರೆ ಡೈನೋಸಾರ್ ಆಗ್ತೀನಿ ಅಲ್ವಾ ಅಮ್ಮಾ?"

ದೊಡ್ಡವ ಬಾಯಲ್ಲಿ ತುತ್ತಿಟ್ಟುಕೊಂಡೇ ತಿದ್ದಿದ. "ಅಷ್ಟು ಬೇಗ ಆಗಲ್ಲ. ಆರೂವರೆ ಕೋಟಿ ವರ್ಷ ಬೇಕು."

ಚಿಕ್ಕವ ಯೋಚಿಸಿದ. "ನಾನು ಕಾಯ್ತೀನಿ" ಎಂದು, ತುಟಿ ಬಿಗಿದುಕೊಂಡ.