ಹೊತ್ತಲ್ಲದ ಹೊತ್ತಿನ ಕನಿಕರ

ಹೆಣ್ಣು ಬೆಕ್ಕಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸುತ್ತೇವೆ ಅಂದರೆ ಸಾಕು, ‘ಅಯ್ಯೋ ಪಾಪ, ಒಂದ್ಸಲನಾದ್ರೂ ಮರಿ ಹಾಕಲಿ ಬಿಡಿ’ ಅನ್ನುವವರು ಸಿಕ್ಕೇ ಸಿಗುತ್ತಾರೆ. ಒಮ್ಮೆ ಮರಿ ಹಾಕಿದರೆ ಆರೋಗ್ಯಕ್ಕೆ ಒಳ್ಳೆಯದು ಅನ್ನುವುದು ಸುಮ್ನೆ ಮಾತು. ಮೊದಲ ಸಲ ಬೆದೆಗೆ ಬರುವ ಮುಂಚೆಯೇ ಮಾಡಿಸಿದರೆ ಮೊಲೆಯ ಕ್ಯಾನ್ಸರ್ ಬರುವ ಸಾಧ್ಯತೆ ತುಂಬಾ ಕಮ್ಮಿಯಾಗುತ್ತದೆ. ಗರ್ಭಕೋಶದಲ್ಲಿ ಕೀವು ತುಂಬುವ ಭಯವೂ ತಪ್ಪುತ್ತದೆ. ‘ಇನ್ನೂ ಮರಿ ಅಲ್ವಾ’ ಅಂತ ಕಾಯುವವರಿಗೆ ಒಂದು ಮಾತು: 4 ತಿಂಗಳಿಗೇ ಬೆದೆಗೆ ಬರುವ ಬೆಕ್ಕುಗಳಿವೆ.

ಕೊಯ್ಯುವುದು, ಹೊಲಿಯುವುದು ಡಾಕ್ಟರ ಕೆಲಸ. ನಮ್ಮ ಪಾಲಿಗೆ ಬರುವ ದೊಡ್ಡ ಕೆಲಸ ಅಂದರೆ ಆಪರೇಷನ್ನಿಗೆ ಮುಂಚೆ ಬೆಕ್ಕಿನ ಉಪವಾಸ ಕಾಯುವುದು. ಅದು ಕೆಡುವುದೂ ಕನಿಕರದಿಂದಲೇ. ಖಾಲಿ ಬಟ್ಟಲನ್ನು ಮೂತಿಯಿಂದ ತಳ್ಳುತ್ತಾ, ಕಾಲಿಗೆ ಸುತ್ತಿಕೊಂಡು ಕೂಗುತ್ತಿದ್ದರೆ ಮನೆಯಲ್ಲಿ ಯಾರದ್ದಾದರೂ ಕರುಳು ಚುರ್ ಅನ್ನುತ್ತದೆ. ಎರಡೇ ಎರಡು ಕಾಳು ಹಾಕಿದರೆ ಏನಾಗುತ್ತೆ ಅನ್ನಿಸುತ್ತದೆ. ಏನಾಗುತ್ತೆ ಅಂದರೆ, ಅರಿವಳಿಕೆಯ ಮತ್ತಿನಲ್ಲಿ ವಾಂತಿ ಬಂದರೆ ಅದಕ್ಕೆ ನುಂಗುವ ಶಕ್ತಿ ಇರುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಹಾಗಂತ ಜಾಸ್ತಿ ಹೊತ್ತು ಉಪವಾಸ ಇಡುವುದೂ ತಪ್ಪು. ಚಿಕ್ಕ ಮರಿಗಳಿಗೆ ರಕ್ತದಲ್ಲಿ ಸಕ್ಕರೆ ಬೇಗ ಇಳಿಯುತ್ತದೆ, ಅವಕ್ಕೆ ಕೆಲವೇ ಗಂಟೆ ಸಾಕು. ಎಷ್ಟು ಹೊತ್ತಿಗೆ ಊಟ ನಿಲ್ಲಿಸಬೇಕು, ನೀರು ಯಾವಾಗಿನವರೆಗೆ ಇಡಬಹುದು ಅಂತ ಡಾಕ್ಟರನ್ನೇ ಕೇಳಿ, ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ.

ಹೊರಗೆ ಓಡಾಡುವ ಬೆಕ್ಕಾದರೆ ಹಿಂದಿನ ಸಂಜೆಯೇ ಒಂದು ಕೋಣೆಯಲ್ಲಿ ಕೂಡಿಹಾಕಿ. ರಾತ್ರಿ ಎಲ್ಲೋ ಹಲ್ಲಿ ಹಿಡಿದು ತಿಂದು ಬಂದರೆ ನಿಮಗೆ ಹೇಗೆ ಗೊತ್ತಾಗಬೇಕು? ಅಷ್ಟಾಗಿಯೂ ಏನಾದರೂ ತಿಂದುಬಿಟ್ಟಿತೋ, ಮುಚ್ಚಿಡಬೇಡಿ. ಆಪರೇಷನ್ ಒಂದು ವಾರ ಮುಂದೆ ಹೋದರೆ ಗಂಟೇನೂ ಹೋಗುವುದಿಲ್ಲ.

ಬೆಕ್ಕನ್ನು ಡಾಕ್ಟರ ಹತ್ತಿರ ಒಯ್ಯುವ ಬುಟ್ಟಿಯನ್ನು ಆ ದಿನವೇ ಅಟ್ಟದಿಂದ ಇಳಿಸಿದರೆ ಬೆಕ್ಕು ಮಂಚದ ಕೆಳಗೆ ಸೇರುತ್ತದೆ. ವಾರ ಮೊದಲೇ ಬುಟ್ಟಿಯ ಬಾಗಿಲು ತೆರೆದು ನಡುಮನೆಯಲ್ಲಿಡಿ. ಒಳಗೆ ಅದು ಮಲಗುವ ಹಳೇ ಬಟ್ಟೆ ಹಾಸಿ.

ಮನೆಗೆ ಬಂದ ಮೇಲೆ ಕನಿಕರ ಇನ್ನೂ ಜೋರಾಗುತ್ತದೆ. ಗಾಯ ನೆಕ್ಕದ ಹಾಗೆ ಕತ್ತಿಗೆ ಹಾಕುವ ಕಾಲರ್ ಕಟ್ಟಿಕೊಂಡು ಬೆಕ್ಕು ಹಿಮ್ಮುಖವಾಗಿ ನಡೆಯುತ್ತದೆ, ಗೋಡೆಗೆ ಡಿಕ್ಕಿ ಹೊಡೆಯುತ್ತದೆ. ನೋಡೋಕಾಗಲ್ಲ, ನಿಜ. ಆದರೂ ಬಿಚ್ಚಬೇಡಿ. ಅದರ ಒರಟು ನಾಲಿಗೆಗೆ ಹೊಲಿಗೆ ಕೀಳುವುದು ದೊಡ್ಡ ವಿಷಯವಲ್ಲ. ಗಾಯ ಮಾಯಲು 10ರಿಂದ 14 ದಿನ ಬೇಕು. ನೋವಾಗುತ್ತಿದೆ ಅಂತ ನಿಮ್ಮ ಡಬ್ಬಿಯಲ್ಲಿರುವ ಪ್ಯಾರಸಿಟಮಾಲ್ ಅಂತೂ ಮುಟ್ಟಲೇಬೇಡಿ. ಬೆಕ್ಕಿಗೆ ಅದು ವಿಷ, ಒಂದೇ ಮಾತ್ರೆಗೆ ಜೀವ ಹೋಗಬಹುದು. ಡಾಕ್ಟರಿಗೆ ಫೋನ್ ಮಾಡಿ, ಬೆಕ್ಕಿಗೆಂದೇ ನೋವಿನ ಔಷಧಿ ಇದೆ.