ದೇವಿಮನೆ ಘಾಟಿ ಮತ್ತು ನಮ್ಮ ಹಳೇ ಪಿಕಪ್

ನಮ್ಮದು 2010ರ ಬೊಲೆರೊ ಪಿಕಪ್. 2523 ಸಿಸಿ ಡೀಸೆಲ್ ಎಂಜಿನ್, ಅದಕ್ಕೆ ಗಾಳಿ ಒತ್ತಿ ತುಂಬುವ ಟರ್ಬೊ ಇದೆ. ಸೀಸನ್ನಿನಲ್ಲಿ ಅಡಿಕೆ ಸುಲಿಯುವ ಮಿಷನ್ನನ್ನು ಟ್ರೇಲರ್ ಮೇಲೆ ಕೂರಿಸಿ, ಹಿಂದೆ ಕಟ್ಟಿಕೊಂಡು ಊರೂರು ತಿರುಗುತ್ತೇವೆ. ಶಿರಸಿ ಸುತ್ತಮುತ್ತ ತೊಂದರೆ ಇರಲಿಲ್ಲ. ಹೋದ ವರ್ಷ ಕುಮಟಾ ಕಡೆಯಿಂದಲೂ ಫೋನ್ ಬಂತು. ಕುಮಟಾ ಸಮುದ್ರದ ದಂಡೆ, ಶಿರಸಿ ಸುಮಾರು 590 ಮೀಟರ್ ಎತ್ತರ. ವಾಪಸ್ ಬರುವಾಗ ದೇವಿಮನೆ ಘಾಟಿಯಲ್ಲಿ ಗಾಡಿ ಎರಡನೇ ಗೇರು ಬಿಟ್ಟು ಮೇಲೆ ಹೋಗಲೇ ಇಲ್ಲ. ಹಿಂದಿದ್ದ ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿ ಸುಮ್ಮನಾದ.

ಊರಿಗೆ ಬಂದರೆ ಎಲ್ಲರದೂ ಒಂದೇ ಮಾತು, 'ಎಂಜಿನ್ನಿಗೆ ಡೀಸೆಲ್ ಕಳಿಸುವ ಪಂಪಿನಲ್ಲಿ ಡೀಸೆಲ್ ಜಾಸ್ತಿ ಮಾಡಿಸು.' ಮಾಡಿಸಿದೆ. ಎರಡು ದಿನ ಗಾಡಿ ಕುದುರೆ ಹಾಗೆ ಓಡಿತು, ಸುಳ್ಳು ಹೇಳೋದಿಲ್ಲ. ಮೂರನೇ ದಿನ ಏರಿನಲ್ಲಿ ಕಪ್ಪು ಹೊಗೆ, ಟೆಂಪರೇಚರ್ ಮುಳ್ಳು ಮೇಲೆ, ಕ್ಲಚ್ ಸುಟ್ಟ ವಾಸನೆ ಬೇರೆ.

ಕೊನೆಗೆ ಒಬ್ಬ ಹಳೇ ಪಂಪ್ ಮೇಸ್ತ್ರಿ ಹತ್ತಿರ ಹೋದೆ. ಅವರು ಬಾನೆಟ್ ತೆಗೆಯುವ ಮೊದಲೇ ಸೈಲೆನ್ಸರಿಗೆ ಬೆರಳು ಹಾಕಿ, ಮಸಿ ತೋರಿಸಿದರು. 'ತಮಾ, ಇದು ನಿನ್ನ ದುಡ್ಡು. ಸುಡಲಿಕ್ಕೆ ಗಾಳಿನೇ ಇಲ್ಲ, ಡೀಸೆಲ್ ಸುರಿದು ಎಂತ ಮಾಡ್ತೆ?' ಏರ್ ಫಿಲ್ಟರ್ ಕೊಡವಿದರೆ ಕೆಂಪು ಧೂಳು. ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಹೋಸ್ ಕ್ಲಾಂಪಿನ ಕೆಳಗೆ ಸೀಳಿತ್ತು. ಮೇಲಿಂದ ನೋಡಿದರೆ ಕಾಣದು, ಬಗ್ಗಿಸಿದರೆ ಮೀನಿನ ಬಾಯಿ ಹಾಗೆ ತೆರೆಯುತ್ತಿತ್ತು. ಹೋಸ್, ಫಿಲ್ಟರ್ ಬದಲಿಸಿ, ಡೀಸೆಲ್ ಸಿಂಪಡಿಸುವ ನಾಜಲ್ ಟೆಸ್ಟ್ ಮಾಡಿಸಿ, ಪಂಪನ್ನು ಮೊದಲಿನ ಅಳತೆಗೇ ತಂದರು. ಈಗ ಅದೇ ಲೋಡಿನಲ್ಲಿ ಮೂರನೇ ಗೇರು ಎಳೆಯುತ್ತದೆ. ಹೊಸದೇನೂ ಸೇರಿಸಿಲ್ಲ, ಕಳೆದುಹೋದದ್ದು ವಾಪಸ್ ಬಂತು ಅಷ್ಟೆ.

ನನಗೆ ಸಿಟ್ಟು ಬರುವುದು ಇಲ್ಲೇ. ಎಲ್ಲರೂ ಹತ್ತುವುದರ ಬಗ್ಗೆ ಮಾತಾಡುತ್ತಾರೆ, ಇಳಿಯುವುದರ ಬಗ್ಗೆ ಯಾರೂ ಇಲ್ಲ. ಬ್ರೇಕಿಲ್ಲದ ಟ್ರೇಲರ್ ಹಿಂದಿನಿಂದ ನೂಕುತ್ತಿರುತ್ತದೆ, ತಡೆಯುವ ಕೆಲಸ ಪೂರ್ತಿ ಪಿಕಪ್ಪಿನದು. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಮಳೆ ಗೊತ್ತಲ್ವಾ? ತೇವ ಸೇರಿದ ಆಯಿಲ್ ಇಳಿಜಾರಿನ ಬಿಸಿಗೆ ಕುದ್ದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ನಾನು ಆಯಿಲ್, ಬ್ರೇಕ್ ಲೈನರ್ ಎರಡೂ ಬದಲಿಸಿದೆ. ಹತ್ತಿದ ಗೇರಿನಲ್ಲೇ ಇಳಿಯುತ್ತೇನೆ. ಹಿಂದೆ ಯಾರು ಹಾರ್ನ್ ಹೊಡೆದರೂ ಸರಿ.

ಟ್ರೇಲರ್ ಹಾವಿನ ಹಾಗೆ ಆಡುತ್ತಿದ್ದದ್ದು ಮಾತ್ರ ಪೂರ್ತಿ ನಮ್ಮದೇ ತಪ್ಪು. ಮಿಷನ್ ಹಿಂದಕ್ಕೆ ಕೂರಿಸಿದ್ದೆವು. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಷ್ಟಾದರೂ ಪಿಕಪ್ಪಿಗೆ ಕಟ್ಟುವ ಕೊಂಡಿಯ ಮೇಲೆ ಬೀಳಬೇಕು. ಸ್ವಲ್ಪ ಮುಂದೆ ಸರಿಸಿದೆವು, ಹೈವೇಯಲ್ಲೂ ಈಗ ನೆಟ್ಟಗೆ ಬರುತ್ತದೆ.

ದೊಡ್ಡ ಟರ್ಬೊ, ಬೇರೆ ಎಂಜಿನ್ ಅಂತ ಆಸೆ ಇರುವವರು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಮ್ಮೆ ನೋಡಿ. ಕಂಪನಿ ಕೊಟ್ಟ ಮೂಲ ರೂಪವನ್ನು ನಮ್ಮಿಷ್ಟಕ್ಕೆ ಬದಲಿಸುವಂತಿಲ್ಲ. ಲೋಡ್ ಮಿತಿ ದಾಟಿದರೆ ದಂಡವೇ 20,000 ರೂಪಾಯಿ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000.

ಕ್ಲಚ್ ಪ್ಲೇಟ್ ಇನ್ನೂ ಬಾಕಿ. ಪಂಪಿಗೆ ಸುರಿದ ದುಡ್ಡಿದ್ದರೆ ಅದೂ ಆಗಿರುತ್ತಿತ್ತು. ಭಾನುವಾರ ಗೇರ್‌ಬಾಕ್ಸ್ ಇಳಿಸುತ್ತೇವೆ, ಜ್ಯಾಕ್ ಹಿಡಿಯಲು ಬರುವವರಿಗೆ ಅವಲಕ್ಕಿ, ಚಾ ಗ್ಯಾರಂಟಿ.